ಊಟದ ಹೊತ್ತಿನಲ್ಲಿ ಆಡಬಾರದ ಮಾತು

ಮಕ್ಕಳೇ, ಈ ವಾರ ನಾನು ಬರೆಯುತ್ತಿರುವ ವಿಷಯವನ್ನು ಊಟದ ಹೊತ್ತಿನಲ್ಲಿ ಎತ್ತಿದರೆ ನಿಮಗೆ ಖಂಡಿತ ಬೈಗುಳ ಬೀಳುತ್ತದೆ. ಸೊರಬದಲ್ಲಿರುವ ನನ್ನ ತಂಗಿಯ ಮೊಮ್ಮಗನಿಗೂ ಬಿದ್ದಿತು. ಆಗ ಅವನಿಗೆ ಏಳು ವರ್ಷ, ಎರಡನೆಯ ಕ್ಲಾಸು. ಅವನು ಅಂದು ಆ ಮಾತು ಆಡದೆ ಇದ್ದಿದ್ದರೆ ಇವತ್ತು ಅವನ ಅಜ್ಜ ನಮ್ಮ ಜೊತೆ ಇರುತ್ತಿದ್ದರೋ ಇಲ್ಲವೋ ಹೇಳಲಾರೆ. ಹಾಗಾಗಿ ಈ ಸಲದ ಅಂಕಣವನ್ನು ಊಟ ಮುಗಿದ ಮೇಲೆ, ಮನೆಯ ದೊಡ್ಡವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಆ ಅಜ್ಜನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. "ಬರೀರಿ ಭಾವ, ನಾಲ್ಕು ಜನಕ್ಕೆ ಉಪಯೋಗ ಆಗ್ಲಿ. ಹೆಸರು ಮಾತ್ರ ಬೇಡ" ಎಂದಿದ್ದಾರೆ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ.

ಮೂರು ವರ್ಷದ ಹಿಂದೆ ಯುಗಾದಿಗೆ ನಾನು ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಬಸ್ಸು ಹಿಡಿದು ಸೊರಬಕ್ಕೆ ತಂಗಿಯ ಮನೆಗೆ ಹೋಗಿದ್ದೆ. ಸಂಜೆ ಭಾವ ತೋಟ ತೋರಿಸಲು ಕರೆದುಕೊಂಡು ಹೋದರು. ಅಡಿಕೆ ಮರಗಳ ನಡುವೆ ಯಾರೂ ಇಲ್ಲದ ಕಡೆ ನಿಂತು, ಮುಖ ಆ ಕಡೆ ತಿರುಗಿಸಿಕೊಂಡು ಹೇಳಿದರು: "ಭಾವ, ಎರಡು ವಾರದಿಂದ ಹೊರಗೆ ಹೋದಾಗ ರಕ್ತ ಬೀಳ್ತಾ ಇದೆ. ಮನೇಲಿ ಹೇಳಿಲ್ಲ."

ನಾನು ಏನು ಹೇಳಬೇಕಿತ್ತು? "ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರ್ತೀನಿ" ಅನ್ನಬೇಕಿತ್ತು. ನಾನು ಹೇಳಿದ್ದು ಇಷ್ಟು: "ಅದು ಮೂಲವ್ಯಾಧಿ ಬಿಡಿ ಭಾವ. ನನಗೂ ಬಂದಿತ್ತು. ಖಾರ ಕಡಿಮೆ ಮಾಡಿ, ಮಜ್ಜಿಗೆ ಜಾಸ್ತಿ ಕುಡೀರಿ."

ನಾನು ಓದಿದ್ದು ಬಿ.ಕಾಂ. ಬ್ಯಾಂಕಿನ ಕುರ್ಚಿಯಲ್ಲಿ ಮೂವತ್ತೈದು ವರ್ಷ ಕೂತಿದ್ದಕ್ಕೆ ನನಗೆ ಮೂಲವ್ಯಾಧಿ ಆಗಿದ್ದು ನಿಜ. ಅದೊಂದೇ ನನ್ನ ವೈದ್ಯಕೀಯ ಪದವಿ. ಕ್ಯಾಶಿನಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದರೆ "ಯಾವುದೋ ಸಣ್ಣ ತಪ್ಪು ಇರಬೇಕು" ಎಂದು ನಾವು ಮನೆಗೆ ಹೋಗುತ್ತಿರಲಿಲ್ಲ. ತಪ್ಪು ಸಿಗುವವರೆಗೆ ರಾತ್ರಿ ಎಂಟಾದರೂ ಕೂತು ಹುಡುಕುತ್ತಿದ್ದೆವು. ಆದರೆ ಮನುಷ್ಯನ ಮೈಯಿಂದ ರಕ್ತ ಹೋಗುತ್ತಿದೆ ಎಂದಾಗ ನೋಡದೆಯೇ ಲೆಕ್ಕ ಮುಗಿಸಿಬಿಟ್ಟೆ.

ಭಾವ ನನ್ನ ಮಾತನ್ನು ನಂಬಿದರು. ಆಮೇಲೆ ಯಾರೋ ಹೇಳಿದ ಪುಡಿ, ಯಾರೋ ತಂದುಕೊಟ್ಟ ಲೇಹ್ಯ, ಔಷಧಿ ಅಂಗಡಿಯಲ್ಲಿ ಪಿಸುಮಾತಿನಲ್ಲಿ ಕೇಳಿ ತಂದ ಮುಲಾಮು. ನಮ್ಮ ಬಸ್ ನಿಲ್ದಾಣಗಳ ಗೋಡೆ, ಕಂಬ ಎಲ್ಲಿ ನೋಡಿದರೂ 'ಮೂಲವ್ಯಾಧಿಗೆ ಗ್ಯಾರಂಟಿ ಔಷಧಿ' ಎಂಬ ಚೀಟಿ ಇರುತ್ತದಲ್ಲ, ಅದರಲ್ಲೊಂದು ಕಡೆಗೂ ಹೋಗಿ ಬಂದರಂತೆ. ಒಂದೆರಡು ವಾರ ರಕ್ತ ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ನಿಂತಾಗ ಔಷಧಿ ಹಿಡಿಯಿತು ಎಂದುಕೊಳ್ಳುವುದು. ಹೀಗೆ ಏಳು ತಿಂಗಳು ಕಳೆಯಿತು. ಆ ಏಳು ತಿಂಗಳಲ್ಲಿ ಒಬ್ಬರೂ ಅವರನ್ನು ಮಂಚದ ಮೇಲೆ ಮಲಗಿಸಿ ಪರೀಕ್ಷೆ ಮಾಡಲಿಲ್ಲ.

ದೀಪಾವಳಿಗೆ ಎಲ್ಲರೂ ಸೇರಿದ್ದೆವು. ಬಾಳೆಲೆ ಹಾಕಿ, ಹೋಳಿಗೆ ಬಡಿಸುವ ಹೊತ್ತು. ಪಕ್ಕದಲ್ಲಿ ಕೂತಿದ್ದ ಮೊಮ್ಮಗ ಗಟ್ಟಿಯಾಗಿ ಹೇಳಿದ: "ಅಜ್ಜ ಎರಡಕ್ಕೆ ಹೋಗಿ ಬಂದ್ಮೇಲೆ ಅಲ್ಲಿ ರಕ್ತ ಇರ್ತದೆ. ನಾನು ಮೂರು ಸಲ ನೋಡಿದೀನಿ."

ಪಂಕ್ತಿಯೆಲ್ಲ ಒಮ್ಮೆಗೇ ಸುಮ್ಮನಾಯಿತು. ಅವನ ಅಮ್ಮ ಕಣ್ಣು ದೊಡ್ಡದು ಮಾಡಿದಳು. ಅವನ ಅಪ್ಪ "ಊಟದ ಹೊತ್ತಿನಲ್ಲಿ ಎಂಥಾ ಮಾತೋ ಅದು, ಬಾಯಿ ಮುಚ್ಚು" ಎಂದು ಗದರಿದ. ಹುಡುಗ ಅಳುತ್ತ ಅಂದ: "ಗಣಪತಿ ಹಬ್ಬಕ್ಕೇ ಅಮ್ಮಂಗೆ ಹೇಳಿದ್ದೆ. ಅವಾಗ್ಲೂ ಬಾಯಿ ಮುಚ್ಚು ಅಂದ್ರು."

ನಾನು ಭಾವನ ಮುಖ ನೋಡಿದೆ. ಆಗ ಕಾಣಿಸಿತು. ಕೆನ್ನೆ ಒಳಗೆ ಹೋಗಿತ್ತು. ಬೆಳ್ಳಗೆ ಬಿಳಿಚಿಕೊಂಡಿದ್ದರು. ಅಟ್ಟದ ಮೆಟ್ಟಿಲು ಹತ್ತಿ ಇಳಿದು ಏದುಸಿರು ಬಿಟ್ಟಿದ್ದನ್ನು ಬೆಳಿಗ್ಗೆ ತಾನೇ ಕಂಡಿದ್ದೆ, ವಯಸ್ಸಾಯಿತು ಎಂದುಕೊಂಡಿದ್ದೆ. ಆಗ ಅವರಿಗೆ 66.

"ಕೊಯ್ಲು ಮುಗೀಲಿ, ಆಮೇಲೆ ತೋರಿಸ್ತೀನಿ" ಎಂದು ಅವರು ಹಟ ಹಿಡಿದರು. ಅಡಿಕೆ ಬೆಳೆಗಾರರಿಗೆ ಆ ಎರಡು ಮೂರು ತಿಂಗಳು ಎಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಈ ಸಲ ನಾನು ಬಿಡಲಿಲ್ಲ. ಆ ವರ್ಷದ ಫಸಲನ್ನು ಚೇಣಿಗೆ ಕೊಟ್ಟರು. ಹಬ್ಬದ ಮಾರನೆಯ ದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು.

ಆ ಯುವ ವೈದ್ಯರು ಮಾಡಿದ್ದು ಎರಡೇ ಕೆಲಸ. ರಕ್ತ ಪರೀಕ್ಷೆ ಮಾಡಿಸಿದರು. ಗಂಡಸರಿಗೆ 13ರ ಮೇಲೆ ಇರಬೇಕಾದ ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ಎರಡನೆಯದು, ಕೈಗವಸು ಹಾಕಿ ಗುದದ್ವಾರದೊಳಗೆ ಬೆರಳಿಟ್ಟು ನೋಡಿದರು. ಎರಡು ನಿಮಿಷದ ಕೆಲಸ. ಯಂತ್ರ ಬೇಡ, ಖರ್ಚಿಲ್ಲ. "ಗಟ್ಟಿಯಾಗಿ ಏನೋ ಸಿಗ್ತಾ ಇದೆ. ಇದು ಮೂಲವ್ಯಾಧಿ ಅಲ್ಲ ಅನ್ಸುತ್ತೆ. ನಾಳೆಯೇ ಶಿವಮೊಗ್ಗಕ್ಕೆ ಹೋಗಿ ಕೊಲೊನೊಸ್ಕೋಪಿ ಮಾಡಿಸಿ" ಎಂದು ಚೀಟಿ ಬರೆದರು. ಗುದನಾಳದ ಕ್ಯಾನ್ಸರಿನಲ್ಲಿ ಎಷ್ಟೋ ಗಡ್ಡೆಗಳು ಹೀಗೆ ಬೆರಳಿಗೇ ಸಿಗುತ್ತವಂತೆ. ಏಳು ತಿಂಗಳ ಹಿಂದೆ ಆಗಬಹುದಾಗಿದ್ದ ಎರಡು ನಿಮಿಷದ ಪರೀಕ್ಷೆ ಇದು.

ಈಗ ಮಕ್ಕಳಿಗೆ ಸ್ವಲ್ಪ ಪಾಠ. ನೀವು ತಿಂದ ಅನ್ನ ಸಣ್ಣ ಕರುಳಿನಲ್ಲಿ ಜೀರ್ಣವಾಗಿ, ಉಳಿದದ್ದು ದೊಡ್ಡ ಕರುಳಿಗೆ ಬರುತ್ತದೆ. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ, ಅಂದರೆ ಐದು ಅಡಿ. ಅದರ ಕೊನೆಯ ಗೇಣಿನಷ್ಟು ಭಾಗವೇ ಗುದನಾಳ. ನೀರನ್ನು ಹೀರಿಕೊಂಡು ಉಳಿದದ್ದನ್ನು ಹೊರಗೆ ಕಳಿಸುವುದು ಇದರ ಕೆಲಸ.

ಈ ಕರುಳಿನ ಒಳಗೋಡೆಯಲ್ಲಿ ಕೆಲವರಿಗೆ ವಯಸ್ಸಾಗುತ್ತ ಸಣ್ಣ ಸಣ್ಣ ಗಂಟುಗಳು ಏಳುತ್ತವೆ. ಮಳೆಗಾಲದಲ್ಲಿ ಮರದ ತೊಗಟೆಯ ಮೇಲೆ ಅಣಬೆ ಏಳುತ್ತದಲ್ಲ, ನೋಡಲು ಹಾಗೆ. ಇದಕ್ಕೆ ಪಾಲಿಪ್ ಎನ್ನುತ್ತಾರೆ. ಹೆಚ್ಚಿನವು ಏನೂ ತೊಂದರೆ ಕೊಡುವುದಿಲ್ಲ. ಕೆಲವು ಮಾತ್ರ ನಿಧಾನವಾಗಿ ಬೆಳೆದು ಕ್ಯಾನ್ಸರ್ ಆಗುತ್ತವೆ. ಆ 'ನಿಧಾನ' ಎಂದರೆ ಸಾಮಾನ್ಯವಾಗಿ ಹತ್ತು ವರ್ಷದ ಹತ್ತಿರ. ಇಷ್ಟು ದೀರ್ಘ ಅವಧಿಯ ನೋಟೀಸು ಕೊಡುವ ಕಾಯಿಲೆಗಳು ಕಡಿಮೆ. ಆ ಹತ್ತು ವರ್ಷದಲ್ಲಿ ಯಾವಾಗಲಾದರೂ ನೋಡಿ ಗಂಟನ್ನು ತೆಗೆದುಬಿಟ್ಟರೆ ಅದು ಕ್ಯಾನ್ಸರ್ ಆಗುವುದೇ ಇಲ್ಲ. ತಪಾಸಣೆ ಎನ್ನುವುದರ ಅರ್ಥ ಇದೇ: ಏನೂ ತೊಂದರೆ ಕಾಣದವರು, ತೊಂದರೆ ಬರುವ ಮೊದಲೇ ನೋಡಿಸಿಕೊಳ್ಳುವುದು.

ನೋಡುವುದು ಹೇಗೆ? ಎರಡು ದಾರಿ ಹೇಳುತ್ತೇನೆ. ಒಂದು, ಮಲದ ಪರೀಕ್ಷೆ. ಪುಟ್ಟ ಕಡ್ಡಿಯಲ್ಲಿ ಸಾಸಿವೆಯಷ್ಟು ಮಲ ತೆಗೆದು ಡಬ್ಬಿಯಲ್ಲಿ ಹಾಕಿ ಕೊಟ್ಟರೆ, ಕಣ್ಣಿಗೆ ಕಾಣದಷ್ಟು ರಕ್ತ ಇದ್ದರೂ ಅದು ಹೇಳುತ್ತದೆ. ಇದಕ್ಕೆ ಫಿಟ್ ಪರೀಕ್ಷೆ ಎನ್ನುತ್ತಾರೆ. ಮನುಷ್ಯರ ರಕ್ತವನ್ನು ಮಾತ್ರ ಹಿಡಿಯುವುದರಿಂದ ಹಿಂದಿನ ದಿನ ಏನು ತಿಂದಿರಿ ಎನ್ನುವುದು ಇದಕ್ಕೆ ಲೆಕ್ಕವಿಲ್ಲ. ಇದನ್ನು ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ಮಾಡಿಸುತ್ತಾರೆ. ಎರಡನೆಯದು ಕೊಲೊನೊಸ್ಕೋಪಿ. ಬೆರಳು ಗಾತ್ರದ ಬಾಗುವ ನಳಿಗೆಯ ತುದಿಯಲ್ಲಿ ದೀಪ ಮತ್ತು ಕ್ಯಾಮೆರಾ. ಐದು ಅಡಿ ಕರುಳನ್ನೂ ಒಳಗಿನಿಂದ ನೋಡಿ, ಗಂಟು ಕಂಡರೆ ಅದೇ ನಳಿಗೆಯೊಳಗಿಂದ ತಂತಿಯ ಕುಣಿಕೆ ಬಿಟ್ಟು ಕತ್ತರಿಸಿ ತೆಗೆಯುತ್ತಾರೆ. ಇದು ಸರಿಯಾಗಿದ್ದರೆ ಮತ್ತೆ ಸಾಮಾನ್ಯವಾಗಿ ಹತ್ತು ವರ್ಷ ಬೇಕಿಲ್ಲ. ಇದರಲ್ಲಿ ಕಷ್ಟವೆಂದರೆ ಹಿಂದಿನ ದಿನ ಪುಡಿ ಕಲಸಿದ ನೀರನ್ನು ಲೀಟರುಗಟ್ಟಲೆ ಕುಡಿದು ಹೊಟ್ಟೆ ಖಾಲಿ ಮಾಡಿಕೊಳ್ಳುವುದು. "ಪರೀಕ್ಷೆಗಿಂತ ಆ ನೀರೇ ಕಷ್ಟ" ಎಂದು ಭಾವ ಈಗಲೂ ಮುಖ ಕಿವುಚುತ್ತಾರೆ.

ಜಪಾನಿನಲ್ಲಿ 1992ರಿಂದಲೇ 40 ದಾಟಿದವರಿಗೆಲ್ಲ ಮಲದ ಪರೀಕ್ಷೆ ಮಾಡುವ ಏರ್ಪಾಡಿದೆ. ಅಮೆರಿಕದಲ್ಲಿ ಮೊದಲು 50ಕ್ಕೆ ಎನ್ನುತ್ತಿದ್ದದ್ದನ್ನು 2021ರಲ್ಲಿ 45ಕ್ಕೆ ಇಳಿಸಿದರು, ಏಕೆಂದರೆ ಕಡಿಮೆ ವಯಸ್ಸಿನವರಲ್ಲೂ ಈ ಕಾಯಿಲೆ ಹೆಚ್ಚುತ್ತಿದೆ. 2022ರ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ಒಂದು ವರ್ಷಕ್ಕೆ 19 ಲಕ್ಷಕ್ಕೂ ಹೆಚ್ಚು ಜನರಿಗೆ ಇದು ಬರುತ್ತದೆ, 9 ಲಕ್ಷ ಜನ ಸಾಯುತ್ತಾರೆ. ನಮ್ಮ ದೇಶದಲ್ಲಿ ಪಾಶ್ಚಾತ್ಯರಷ್ಟು ಇಲ್ಲ. ಆದರೆ ಬಂದವರು ಆಸ್ಪತ್ರೆ ಮುಟ್ಟುವುದು ತಡವಾಗಿ.

ಇನ್ನೊಂದು ಮಾತು ಗಮನಿಸಿ. ನಮ್ಮ ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರಿನ ತಪಾಸಣೆ ಇದೆ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಅರ್ಜಿ ತುಂಬಿಸುತ್ತಾರೆ. ಅಡಿಕೆ, ತಂಬಾಕು ಜಗಿಯುವ ನಮ್ಮ ಸೀಮೆಗೆ ಬಾಯಿಯ ತಪಾಸಣೆ ಬಹಳ ಮುಖ್ಯ, ತಪ್ಪಿಸಬೇಡಿ. ಆದರೆ ದೊಡ್ಡ ಕರುಳು ಆ ಪಟ್ಟಿಯಲ್ಲಿಲ್ಲ. ಇದಕ್ಕಾಗಿ ಯಾರೂ ನಿಮ್ಮ ಮನೆ ಬಾಗಿಲು ತಟ್ಟುವುದಿಲ್ಲ. ನಾವೇ ಬಾಯಿ ಬಿಟ್ಟು ಕೇಳಬೇಕು.

ಮತ್ತೆ ಭಾವನ ಕಥೆಗೆ ಬರುತ್ತೇನೆ. ಕೊಲೊನೊಸ್ಕೋಪಿಯಲ್ಲಿ ಗುದನಾಳದಲ್ಲಿ ಗಡ್ಡೆ ಕಂಡಿತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದೇ ಬಂತು. ಆ ದಿನ ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ನಾನು, ನನ್ನ ತಂಗಿ ಒಂದು ಗಂಟೆ ಮಾತಿಲ್ಲದೆ ಕೂತಿದ್ದೆವು. ಆಮೇಲೆ ಅವಳು ಕೇಳಿದಳು, "ಯುಗಾದಿಗೆ ನಿಂಗೆ ಹೇಳಿದ್ರಂತೆ, ಹೌದಾ ಅಣ್ಣ?" ನಾನು ಹೌದು ಎಂದೆ. ಅವಳು ಮತ್ತೇನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನಮಗೆಲ್ಲ ಇದ್ದ ಆತುರ ಒಂದೇ. ನಾಳೆಯೇ ಆಪರೇಷನ್ ಮಾಡಿ ತೆಗೆದುಬಿಡಲಿ. ಕ್ಯಾನ್ಸರ್ ಆಸ್ಪತ್ರೆಗೆ ಹೋದಾಗ ಅಲ್ಲಿನ ಶಸ್ತ್ರವೈದ್ಯರು, "ನಾನೊಬ್ಬನೇ ತೀರ್ಮಾನ ಮಾಡೋ ಹಾಗಿಲ್ಲ. ಎಂಆರ್‌ಐ, ಸಿಟಿ ಸ್ಕ್ಯಾನ್ ಆಗಲಿ. ಈ ವಾರದ ಬೋರ್ಡಿನಲ್ಲಿ ನಿಮ್ಮ ಕೇಸು ಇಡ್ತೀವಿ" ಎಂದರು. ಬೋರ್ಡ್ ಎಂದರೆ ಟ್ಯೂಮರ್ ಬೋರ್ಡ್. ವಾರಕ್ಕೊಮ್ಮೆ ಎಲ್ಲ ವಿಭಾಗದ ವೈದ್ಯರು ಒಂದು ಕೋಣೆಯಲ್ಲಿ ಸೇರುತ್ತಾರೆ. ಸ್ಕ್ಯಾನ್ ಓದುವವರು ಗಡ್ಡೆ ಎಲ್ಲಿಯವರೆಗೆ ಹಬ್ಬಿದೆ ಎಂದು ತೋರಿಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಚೂರನ್ನು ನೋಡಿದ ಪೆಥಾಲಜಿಸ್ಟ್ ಅದು ಯಾವ ಜಾತಿಯದು ಎನ್ನುತ್ತಾರೆ. ಶಸ್ತ್ರವೈದ್ಯರು, ಕೀಮೋ ಕೊಡುವವರು, ವಿಕಿರಣ ಕೊಡುವವರು ಯಾವುದು ಮೊದಲು, ಯಾವುದು ಆಮೇಲೆ ಎಂದು ಚರ್ಚೆ ಮಾಡಿ ಒಂದು ತೀರ್ಮಾನ ಬರೆಯುತ್ತಾರೆ.

ನನಗೆ ಇದು ಕೂಡಲೇ ಅರ್ಥವಾಯಿತು. ನಮ್ಮ ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಕೀಲಿ. ಒಂದು ಮ್ಯಾನೇಜರ ಹತ್ತಿರ, ಇನ್ನೊಂದು ಹೆಡ್ ಕ್ಯಾಶಿಯರ ಹತ್ತಿರ. ಒಬ್ಬರೇ ಎಷ್ಟು ಪ್ರಾಮಾಣಿಕರಾದರೂ ಬಾಗಿಲು ತೆರೆಯುವುದಿಲ್ಲ. ಅದು ಅಪನಂಬಿಕೆಯಲ್ಲ, ಒಬ್ಬರ ಕಣ್ಣಿಗೆ ತಪ್ಪಿದ್ದು ಇನ್ನೊಬ್ಬರ ಕಣ್ಣಿಗೆ ಬೀಳಲಿ ಎಂದು.

ಬೋರ್ಡಿನ ತೀರ್ಮಾನ ನಮ್ಮ ಆತುರಕ್ಕೆ ವಿರುದ್ಧವಾಗಿತ್ತು. ಗಡ್ಡೆ ಪಕ್ಕದ ಗ್ರಂಥಿಗಳಿಗೆ ಹೋಗಿತ್ತು. ಯಕೃತ್ತು, ಶ್ವಾಸಕೋಶ ಶುದ್ಧವಾಗಿದ್ದವು. ಇದು ಮೂರನೆಯ ಹಂತ. ಮೊದಲು ಐದು ವಾರಕ್ಕೂ ಮೇಲ್ಪಟ್ಟು ವಿಕಿರಣ. ನಮ್ಮ ಕಡೆ ಜನ 'ಕರೆಂಟ್ ಕೊಡೋದು' ಅನ್ನುತ್ತಾರಲ್ಲ, ಅದು. ಜೊತೆಗೆ ಕೀಮೋ ಮಾತ್ರೆ. ಆಮೇಲೆ ಎರಡು ತಿಂಗಳು ಕಾಯುವುದು. ಗಡ್ಡೆ ಕುಗ್ಗಿದ ಮೇಲೆ ಆಪರೇಷನ್. "ಈಗಲೇ ಕತ್ತರಿಸಿದರೆ ಮಲ ತಡೆಯೋ ಸ್ನಾಯುವನ್ನೂ ತೆಗೀಬೇಕಾಗಬಹುದು. ಆಗ ಜೀವನಪೂರ್ತಿ ಹೊಟ್ಟೆ ಮೇಲೆ ಚೀಲ. ಕುಗ್ಗಿಸಿ ಮಾಡಿದರೆ ಸ್ನಾಯು ಉಳಿಸೋ ಸಾಧ್ಯತೆ ಇದೆ, ಗಡ್ಡೆ ಅಲ್ಲೇ ಮತ್ತೆ ಬರೋ ಸಂಭವವೂ ಕಡಿಮೆ" ಎಂದು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ದೊಡ್ಡ ಕರುಳಿನ ಮೇಲ್ಭಾಗದಲ್ಲಿ ಗಡ್ಡೆ ಇದ್ದಿದ್ದರೆ ಕ್ರಮ ಬೇರೆಯಂತೆ. ಅಲ್ಲಿ ಸಾಮಾನ್ಯವಾಗಿ ಮೊದಲು ಆಪರೇಷನ್, ಅಗತ್ಯ ಕಂಡರೆ ಆಮೇಲೆ ಕೀಮೋ.

ಹೀಗೆ ಕೂಡಿ ಕೂತು ತೀರ್ಮಾನಿಸುವ ಪದ್ಧತಿ ಬಂದದ್ದಕ್ಕೂ ಇತಿಹಾಸವಿದೆ. 1982ರಲ್ಲಿ ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನ ಬಿಲ್ ಹೀಲ್ಡ್ ಎಂಬ ಶಸ್ತ್ರವೈದ್ಯರು, ಗುದನಾಳವನ್ನು ಅದರ ಸುತ್ತಲಿನ ಕೊಬ್ಬಿನ ಹೊದಿಕೆಯ ಸಮೇತ ಹರಿಯದಂತೆ ಇಡಿಯಾಗಿ ಬಿಡಿಸಿ ತೆಗೆದರೆ ಕಾಯಿಲೆ ಅಲ್ಲೇ ಮರಳುವುದು ಬಹಳ ಕಡಿಮೆಯಾಗುತ್ತದೆ ಎಂದು ತೋರಿಸಿದರು. ಹಾಗೆ ಬಿಡಿಸಲು ಸಾಧ್ಯವೇ, ಮೊದಲು ವಿಕಿರಣ ಬೇಕೇ ಎಂದು ಹೇಳಲು ಸ್ಕ್ಯಾನ್ ಓದುವವರ ನೆರವು ಬೇಕಾಯಿತು. 1995ರಲ್ಲಿ ಬ್ರಿಟನ್ನಿನ ಕಾಲ್ಮನ್–ಹೈನ್ ವರದಿ ಕ್ಯಾನ್ಸರ್ ಚಿಕಿತ್ಸೆಯನ್ನು ಬೇರೆ ಬೇರೆ ತಜ್ಞರ ತಂಡವೇ ನಡೆಸಬೇಕೆಂದು ಶಿಫಾರಸು ಮಾಡಿತು. ಇಂದು ನಮ್ಮ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ಅದೇ ಕ್ರಮ.

ತಂಡ ಎಂದರೆ ಡಾಕ್ಟರು ಮಾತ್ರ ಎಂದುಕೊಳ್ಳಬೇಡಿ. ಆಪರೇಷನ್ ಆದ ಮೇಲೆ ಜೋಡಿಸಿದ ಕರುಳು ಮಾಯಲೆಂದು ಭಾವನಿಗೆ ಹೊಟ್ಟೆಯ ಬಲಕ್ಕೆ ತಾತ್ಕಾಲಿಕವಾಗಿ ಚೀಲ ಹಾಕಿದ್ದರು. ಮಲ ಅದರೊಳಗೆ ಬೀಳುತ್ತದೆ. ಭಾವ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಯಾರ ಜೊತೆಯೂ ಮಾತಿಲ್ಲ. ಅವರನ್ನು ಎಬ್ಬಿಸಿದ್ದು ಒಬ್ಬ ನರ್ಸಮ್ಮ. ಚೀಲದ ಬಳೆಯನ್ನು ಅಳತೆಗೆ ಹೇಗೆ ಕತ್ತರಿಸುವುದು, ಚರ್ಮ ಸುಡದಂತೆ ಹೇಗೆ ಒರೆಸುವುದು, ಯಾವಾಗ ಖಾಲಿ ಮಾಡುವುದು, ಎಲ್ಲವನ್ನೂ ನನ್ನ ತಂಗಿಗೂ ಅವರಿಗೂ ನಾಲ್ಕು ದಿನ ಕೂತು ಕಲಿಸಿದರು. ಆಹಾರ ತಜ್ಞೆ ಬಂದು ಅನ್ನ, ಮಜ್ಜಿಗೆ, ಬಾಳೆಹಣ್ಣು ಎಷ್ಟು, ನೀರು ಎಷ್ಟು ಎಂದು ಬರೆದುಕೊಟ್ಟರು. ಮನೆಗೆ ಬಂದ ಮೇಲೆ ಮೊಮ್ಮಗ "ಇದು ಏನಜ್ಜ?" ಎಂದು ಕೇಳಿದ. ಭಾವ "ನನ್ನ ಜೋಳಿಗೆ" ಎಂದರು. ಅವತ್ತು ನನ್ನ ತಂಗಿ ಎಷ್ಟೋ ತಿಂಗಳ ಮೇಲೆ ನಕ್ಕಳು. ಆ ಜೋಳಿಗೆ ಕಟ್ಟಿಕೊಂಡೇ ಆನವಟ್ಟಿಯ ಒಂದು ಮದುವೆಗೆ ಹೋಗಿ ಪಂಕ್ತಿಯಲ್ಲಿ ಕೂತು ಉಂಡು ಬಂದರು. ಅಂಗಿಯ ಒಳಗೆ ಏನಿದೆ ಎಂದು ಯಾರಿಗೂ ತಿಳಿಯಲಿಲ್ಲ. ಕೀಮೋ ಮುಗಿದು, ಗಣಪತಿ ಹಬ್ಬ ಕಳೆದ ಮೇಲೆ ಸಣ್ಣ ಆಪರೇಷನ್ನಿನಲ್ಲಿ ಚೀಲ ತೆಗೆದರು.

ಸೊರಬಕ್ಕೆ ಹೋಗಿಬರುವಾಗ ಬಸ್ಸು ಶಿರಾಳಕೊಪ್ಪದಲ್ಲಿ ನಿಂತರೆ ನನಗೆ ಪಕ್ಕದ ಬಳ್ಳಿಗಾವಿ ನೆನಪಾಗುತ್ತದೆ. ಅಲ್ಲಿ ಕೇದಾರೇಶ್ವರ ದೇವಸ್ಥಾನಕ್ಕೆ ಸೇರಿದ ಕೋಡಿಯ ಮಠ ಇತ್ತು. 1162ರ ಶಾಸನವೊಂದರಲ್ಲಿ ಆ ಮಠದ ವರ್ಣನೆ ಬರುತ್ತದೆ. ವೇದ, ವ್ಯಾಕರಣ, ತರ್ಕ ಹೇಳಿಕೊಡುವ ಜಾಗ ಅದು. ಬಡವರಿಗೆ, ಕುರುಡರಿಗೆ, ಕುಂಟರಿಗೆ ಅನ್ನ ಹಾಕುವ ಜಾಗ. ರೋಗಿಗಳಿಗೆ ಔಷಧೋಪಚಾರ ಮಾಡುವ ಜಾಗವೂ ಹೌದು. ವಿದ್ಯೆ, ಅನ್ನ, ಔಷಧ ಮೂರೂ ಒಂದೇ ಸೂರಿನಡಿ ಇರಬೇಕೆಂದು ನಮ್ಮ ತಾಲ್ಲೂಕಿನಲ್ಲೇ ಎಂಟುನೂರು ವರ್ಷದ ಹಿಂದೆ ಜನ ಯೋಚಿಸಿದ್ದರು. ರೋಗಿಗೆ ಬೇಕಾದ್ದು ಮದ್ದು ಮಾತ್ರವಲ್ಲ ಎಂದು ಅವರಿಗೂ ಗೊತ್ತಿತ್ತು.

ಈಗ ವ್ಯವಹಾರದ ಮಾತು. ನಮ್ಮ ಶಿಕಾರಿಪುರ, ಸೊರಬದ ಕಡೆಯವರಿಗೆ ಮೊದಲ ಮೆಟ್ಟಿಲು ತಾಲ್ಲೂಕು ಆಸ್ಪತ್ರೆ. ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಕ್ಯಾನ್ಸರ್ ಚಿಕಿತ್ಸೆಗೆ ಜನ ಶಿವಮೊಗ್ಗ, ಮಣಿಪಾಲ, ಹುಬ್ಬಳ್ಳಿಯ ನವನಗರ, ಬೆಂಗಳೂರಿನ ಕಿದ್ವಾಯಿ ಹೀಗೆ ಬೇರೆ ಬೇರೆ ಕಡೆ ಹೋಗುತ್ತಾರೆ. 1973ರಲ್ಲಿ ಶುರುವಾದ ಕಿದ್ವಾಯಿ ಸರ್ಕಾರದ್ದೇ ಸಂಸ್ಥೆ. ಎಲ್ಲಿಗೆ ಹೋದರೂ ಒಂದು ಪ್ರಶ್ನೆ ಕೇಳಿ: "ನಮ್ಮ ಕೇಸನ್ನು ಟ್ಯೂಮರ್ ಬೋರ್ಡಿನಲ್ಲಿ ಇಟ್ಟಿದ್ದೀರಾ?" ಇದು ವೈದ್ಯರಿಗೆ ಅವಮಾನದ ಪ್ರಶ್ನೆಯಲ್ಲ.

ಹಣದ ಚಿಂತೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕಾರ್ಡಿನವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ವೆಚ್ಚದ ಒಂದು ಪಾಲು ಸಿಗುತ್ತದೆ. ನಿಯಮಗಳು ಬದಲಾಗುತ್ತಿರುತ್ತವೆ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂಬವರು ಕೂತಿರುತ್ತಾರೆ, ಚಿಕಿತ್ಸೆ ಶುರುವಾಗುವ ಮೊದಲೇ ಅವರನ್ನು ಕೇಳಿ. ಶಿಫಾರಸು ಪತ್ರ, ರೇಷನ್ ಕಾರ್ಡು, ಆಧಾರ್ ಎಲ್ಲದರ ಎರಡೆರಡು ಪ್ರತಿ ಒಂದು ಫೈಲಿನಲ್ಲಿರಲಿ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಯವರೊಬ್ಬರಿಗೂ ರಿಯಾಯಿತಿ ಇದೆ, ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಶಿವಮೊಗ್ಗಕ್ಕೋ ಸಾಗರಕ್ಕೋ ಹೋಗಿ ರೈಲು ಹತ್ತಬಹುದು.

ಯಾವಾಗ ಡಾಕ್ಟರಿಗೆ ತೋರಿಸಬೇಕು? ಇದನ್ನು ಬರೆದಿಟ್ಟುಕೊಳ್ಳಿ. ಮಲದಲ್ಲಿ ರಕ್ತ, ಅದು ಕೆಂಪಿರಲಿ ಡಾಂಬರಿನಂತೆ ಕಪ್ಪಿರಲಿ. ಇದ್ದಕ್ಕಿದ್ದಂತೆ ಮಲಬದ್ಧತೆ ಅಥವಾ ಭೇದಿ ಶುರುವಾಗಿ ಮೂರು ನಾಲ್ಕು ವಾರವಾದರೂ ಸರಿಹೋಗದಿದ್ದರೆ. ಹೋಗಿ ಬಂದರೂ ಪೂರ್ತಿ ಆಗಿಲ್ಲ ಎನಿಸುತ್ತಿದ್ದರೆ. ಕಾರಣವಿಲ್ಲದೆ ತೂಕ ಇಳಿದರೆ. ವಯಸ್ಸಾದವರಿಗೆ ರಕ್ತಹೀನತೆ ಬಂದರೆ. ಇವೆಲ್ಲ ಕ್ಯಾನ್ಸರೇ ಆಗಬೇಕೆಂದಿಲ್ಲ, ಹೆಚ್ಚಿನವರಿಗೆ ಮೂಲವ್ಯಾಧಿಯೇ ಇರುತ್ತದೆ. ಬೀಟ್‌ರೂಟ್ ಪಲ್ಯ ತಿಂದ ಮಾರನೆಯ ದಿನ ಕೆಂಪು ಕಂಡು ಹೆದರಬೇಡಿ, ಕಬ್ಬಿಣದ ಮಾತ್ರೆ ನುಂಗಿದರೂ ಕಪ್ಪಾಗುತ್ತದೆ. ಆದರೆ ಮೂಲವ್ಯಾಧಿ ಎಂದು ಹೇಳಬೇಕಾದವರು ಪರೀಕ್ಷೆ ಮಾಡಿದ ಡಾಕ್ಟರು. ನನ್ನಂಥವರಲ್ಲ. ಮತ್ತೆ, ರಕ್ತ ಕಣ್ಣಿಗೇ ಕಾಣುತ್ತಿದ್ದರೆ ಮಲದ ಪರೀಕ್ಷೆ ಮಾಡಿಸಿ ಸಮಾಧಾನ ಪಟ್ಟುಕೊಳ್ಳಬೇಡಿ. ಆ ಪರೀಕ್ಷೆ ಏನೂ ತೊಂದರೆ ಇಲ್ಲದವರಿಗೆ. ತೊಂದರೆ ಇರುವವರು ನೇರ ಡಾಕ್ಟರ ಹತ್ತಿರ ಹೋಗಬೇಕು.

ಅಭಿವೃದ್ಧಿ ಹೊಂದಿದ ದೇಶಗಳ ಲೆಕ್ಕ ನೋಡಿದರೆ, ಕಾಯಿಲೆ ಕರುಳಿನಲ್ಲೇ ಇರುವಾಗ ಸಿಕ್ಕಿದ ಹತ್ತು ಜನರಲ್ಲಿ ಒಂಬತ್ತು ಜನ ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹಬ್ಬಿದ ಮೇಲೆ ಹತ್ತರಲ್ಲಿ ಒಬ್ಬರೋ ಇಬ್ಬರೋ. ಭಾವ ಇವೆರಡರ ನಡುವೆ ಸಿಕ್ಕಿದರು. ಆ ಏಳು ತಿಂಗಳಲ್ಲಿ ಅದು ಎಷ್ಟು ಮುಂದೆ ಹೋಯಿತು ಎಂದು ನಾನು ಡಾಕ್ಟರನ್ನು ಕೇಳಿದೆ. "ಅದನ್ನು ಲೆಕ್ಕ ಹಾಕಲು ಆಗುವುದಿಲ್ಲ. ಮುಂದಿನದು ನೋಡಿ" ಎಂದರು. ಲೆಕ್ಕ ಹಾಕಲಾಗದ್ದನ್ನೇ ನಾನು ರಾತ್ರಿ ಹೊತ್ತು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ.

ಮುಂದಿನದು ಎಂದು ಅವರು ಹೇಳಿದ್ದರಲ್ಲಿ ಒಂದು ಮುಖ್ಯ ಮಾತಿತ್ತು. ತಂದೆ, ತಾಯಿ, ಅಣ್ಣ ತಮ್ಮ, ಅಕ್ಕ ತಂಗಿಗೆ ಈ ಕಾಯಿಲೆ ಬಂದಿದ್ದರೆ ಉಳಿದವರು 40ಕ್ಕೇ ಕೊಲೊನೊಸ್ಕೋಪಿ ಮಾಡಿಸಬೇಕು. ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಅದು. ಭಾವನ ಮಗನಿಗೆ ಆಗ 41. ಊಟದ ಹೊತ್ತಿನಲ್ಲಿ ಹುಡುಗನನ್ನು ಗದರಿದವನು ಅವನೇ. ಏನೂ ತೊಂದರೆ ಇಲ್ಲ, ಯಾಕೆ ಎಂದು ಮುಂದೂಡುತ್ತಿದ್ದವನನ್ನು ಅವನ ಹೆಂಡತಿಯೇ ಹೊರಡಿಸಿದಳು. ಒಂದು ಪಾಲಿಪ್ ಸಿಕ್ಕಿತು. ಕ್ಯಾನ್ಸರ್ ಆಗಿರಲಿಲ್ಲ, ಆದರೆ ಮುಂದೆ ಆಗಬಲ್ಲ ಜಾತಿಯದು. ಅಲ್ಲೇ ತೆಗೆದರು. ಬೆಳಿಗ್ಗೆ ಹೋದವನು ಸಂಜೆ ಮನೆಗೆ ಬಂದ. ಚೀಲವಿಲ್ಲ, ಕರೆಂಟಿಲ್ಲ, ಕೀಮೋ ಇಲ್ಲ. ಒಂದೇ ಮನೆಯಲ್ಲಿ ಅಪ್ಪ ಪಟ್ಟ ಕಷ್ಟವನ್ನೂ ಮಗನಿಗಾದ ಅನುಕೂಲವನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ತಪಾಸಣೆ ಎಂದರೇನು ಎಂದು ನನಗೆ ಬೇರೆ ಯಾರೂ ಹೇಳಬೇಕಾಗಲಿಲ್ಲ. ನಾನೂ ಹೋಗಿ ಮಲದ ಪರೀಕ್ಷೆ ಮಾಡಿಸಿದೆ. ಸರಿಯಿದೆ. 75 ದಾಟಿದವರು ಮಾಡಿಸಬೇಕೇ ಬೇಡವೇ ಎನ್ನುವುದನ್ನು ಅವರವರ ಆರೋಗ್ಯ ನೋಡಿ ಡಾಕ್ಟರು ಹೇಳುತ್ತಾರೆ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ನಿಮ್ಮ ವಂಶವೃಕ್ಷ ಬರೆಯಿರಿ. ಅಪ್ಪನ ಕಡೆ, ಅಮ್ಮನ ಕಡೆ, ಎರಡೂ. ಯಾರಿಗೆ ಯಾವ ವಯಸ್ಸಿನಲ್ಲಿ ಯಾವ ಕಾಯಿಲೆ ಬಂದಿತ್ತು ಎಂದು ಅಜ್ಜ ಅಜ್ಜಿಯರನ್ನು ಕೇಳಿ ಹೆಸರಿನ ಕೆಳಗೆ ಬರೆಯಿರಿ. 'ಹೊಟ್ಟೆನೋವಿನಲ್ಲಿ ಹೋದರು' ಎಂದರೆ ಅದನ್ನೂ ಬರೆಯಿರಿ. ಆ ಹಾಳೆಯನ್ನು ಮನೆಯ ಮುಖ್ಯ ಕಾಗದಪತ್ರಗಳ ಜೊತೆ ಇಡಲು ಅಪ್ಪ ಅಮ್ಮನಿಗೆ ಹೇಳಿ. ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಅವರು ಮೊದಲು ಕೇಳುವುದು ಅದನ್ನೇ.

ದೊಡ್ಡವರಿಗೆ ನನ್ನದೊಂದು ವಿನಂತಿ. ಮಗು ಇಂಥ ಮಾತು ಆಡಿದರೆ ಊಟದ ಹೊತ್ತಾದರೂ ಗದರಬೇಡಿ. "ಆಮೇಲೆ ನನಗೆ ಹೇಳು" ಎಂದು ಹೇಳಿ, ಆಮೇಲೆ ನಿಜವಾಗಿಯೂ ಕೇಳಿ. ಯಾರಾದರೂ ತೋಟದ ಮೂಲೆಯಲ್ಲಿ ನಿಂತು ಮುಖ ತಿರುಗಿಸಿಕೊಂಡು ನಿಮಗೆ ಹೇಳಿದರೆ ಮಜ್ಜಿಗೆಯ ಸಲಹೆ ಕೊಡಬೇಡಿ. ಜೊತೆಗೆ ಹೋಗಿ.

ಭಾವನಿಗೆ ಈಗ 69. ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಡಾಕ್ಟರು ಹೇಳಿದಾಗ ಸ್ಕ್ಯಾನ್. ಈವರೆಗೆ ಎಲ್ಲ ಸರಿಯಿದೆ. ಕಳೆದ ದೀಪಾವಳಿಗೆ ಮತ್ತೆ ಎಲ್ಲರೂ ಪಂಕ್ತಿಯಲ್ಲಿ ಕೂತಿದ್ದೆವು. ನನ್ನ ತಂಗಿ ಹೋಳಿಗೆ ತಟ್ಟೆ ಹಿಡಿದು ಬಂದವಳು ಮೊಮ್ಮಗನ ಎದುರು ನಿಂತು, "ಏನಾದ್ರೂ ಹೇಳೋದಿದ್ರೆ ಈಗ್ಲೇ ಹೇಳಪ್ಪ, ಆಮೇಲೆ ಬಡಿಸ್ತೀನಿ" ಎಂದಳು.

ಐದನೆಯ ಕ್ಲಾಸಿನ ಹುಡುಗ ಗಂಭೀರವಾಗಿ ಯೋಚಿಸಿ ಹೇಳಿದ: "ಏನೂ ಇಲ್ಲ. ತುಪ್ಪ ಜಾಸ್ತಿ ಹಾಕು."